ತಿದ್ದಿದ ಬಣ್ಣ, ಉಳಿದ ಬಣ್ಣ: ಉರುಕುಂದದ ಛಾಯಾಚಿತ್ರಗಳು ಮತ್ತು ತಟಸ್ಥತೆಯ ಪ್ರಶ್ನೆ

1

ಕ್ಷೇತ್ರಕಾರ್ಯದಲ್ಲಿ ತೆಗೆದ ಛಾಯಾಚಿತ್ರವನ್ನು ನಮ್ಮ ವಿದ್ವತ್ ವಲಯವು ಬಹುಮಟ್ಟಿಗೆ ಬರಹದ ಪಕ್ಕವಾದ್ಯವೆಂದೇ ಪರಿಗಣಿಸಿದೆ. ಹಾಡೊಂದರ ಲಿಪ್ಯಂತರದಲ್ಲಿ ಒಂದು ವಿಭಕ್ತಿ ಪ್ರತ್ಯಯ ಪಲ್ಲಟವಾದರೆ ಪುಟಗಟ್ಟಲೆ ಚರ್ಚೆ ನಡೆಯುತ್ತದೆ. ಅದೇ ಹಾಡುಗಾರ್ತಿಯ ಚಿತ್ರ ಅದೇ ಪುಸ್ತಕದಲ್ಲಿ ಅಚ್ಚಾದಾಗ ಅವಳ ಮುಖದ ಬಣ್ಣವನ್ನು ಯಾರು ತಿದ್ದಿದರು, ಯಾವ ಪ್ರಮಾಣಕ್ಕೆ ಹೊಂದಿಸಿ ತಿದ್ದಿದರು, ತಿದ್ದುವ ಮೊದಲು ಅದು ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ. ವಾಸ್ತವದಲ್ಲಿ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ತಿದ್ದದ ಚಿತ್ರವೆಂಬುದೇ ಉಳಿದಿಲ್ಲ. ಸೆನ್ಸರಿನ ಪ್ರತಿಯೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಯಾವುದಾದರೂ ಒಂದರ ಬೆಳಕನ್ನು ಮಾತ್ರ ಅಳೆಯುತ್ತದೆ. ಉಳಿದೆರಡನ್ನು ನೆರೆಯ ಬಿಂದುಗಳಿಂದ ಊಹಿಸಲಾಗುತ್ತದೆ. ಹೀಗೆ ಊಹಿಸಿದ ಅಂಕಿಗಳನ್ನು ‘ವೈಟ್ ಬ್ಯಾಲೆನ್ಸ್’ ಎಂಬ ಮತ್ತೊಂದು ಊಹೆಯಿಂದ ಗುಣಿಸಿದ ಮೇಲೆಯೇ ನಾವು ‘ಬಣ್ಣ’ ಎಂದು ಕರೆಯುವುದು ಪರದೆಯ ಮೇಲೆ ಮೂಡುತ್ತದೆ. ಆದ್ದರಿಂದ ತಿದ್ದಬೇಕೇ ಬೇಡವೇ ಎಂಬ ಪ್ರಶ್ನೆಗೆ ಅರ್ಥವಿಲ್ಲ. ತಿದ್ದುವಿಕೆಯ ಆಧಾರವೇನು, ಅದರ ಹೊಣೆ ಯಾರದು ಎಂಬುದೇ ವಿಮರ್ಶೆಯ ವಿಷಯವಾಗಬೇಕು.

ಈ ಪ್ರಶ್ನೆ ನನಗೆ ಎದುರಾದದ್ದು ಉರುಕುಂದದಲ್ಲಿ. ಕರ್ನೂಲು ಜಿಲ್ಲೆಯ ಕೌತಾಳಂ ಮಂಡಲದ ಈ ಊರು ನರಸಿಂಹ ಈರಣ್ಣಸ್ವಾಮಿಯ ಕ್ಷೇತ್ರ. ಶ್ರಾವಣಮಾಸದ ಉದ್ದಕ್ಕೂ ಇಲ್ಲಿಗೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ಭಕ್ತರು ಬರುತ್ತಾರೆ. ದೇವರ ಹೆಸರಿನಲ್ಲಿಯೇ ಎರಡು ಪರಂಪರೆಗಳು ಜೊತೆಯಾಗಿರುವಂತೆ ಜಾತ್ರೆಯ ಮಾತಿನಲ್ಲಿಯೂ ಎರಡು ಭಾಷೆಗಳು ಜೊತೆಯಾಗಿವೆ. ಒಂದೇ ವಾಕ್ಯ ಕನ್ನಡದಲ್ಲಿ ತೊಡಗಿ ತೆಲುಗಿನಲ್ಲಿ ಮುಗಿಯುವುದು ಇಲ್ಲಿ ಯಾರಿಗೂ ಸೋಜಿಗವಲ್ಲ. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಒಡೆದಾಗ ಬಳ್ಳಾರಿ ಮೈಸೂರಿಗೂ, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಸೇರಿದವು. ಆ ಗೆರೆಯ ಆಚೆ ಉಳಿದ ಕನ್ನಡವನ್ನು ದಾಖಲಿಸುವ ಕೆಲಸದ ಭಾಗವಾಗಿ ಮೂರು ಶ್ರಾವಣಗಳಲ್ಲಿ ಇಲ್ಲಿಗೆ ಹೋಗಿ ಧ್ವನಿಮುದ್ರಣದ ಜೊತೆಗೆ ಛಾಯಾಚಿತ್ರಗಳನ್ನೂ ತೆಗೆದೆ. ಅವುಗಳನ್ನು ಸಂಗ್ರಹಕ್ಕೆ ಸೇರಿಸಲು ಯೋಗ್ಯವಾಗಿಸಬೇಕೆಂದು ಬಣ್ಣ ತಿದ್ದುವ ವಿದ್ಯೆಯನ್ನು ಕೈಪಿಡಿಗಳಿಂದ ಕಲಿತೆ. ಕಲಿಕೆಯ ಮೊದಲ ವರ್ಷದಲ್ಲಿ ನಾನು ಮಾಡಿದ ತಪ್ಪೇ ಈ ಲೇಖನಕ್ಕೆ ಪ್ರೇರಣೆ.

2

ಮೊದಲು ಪದಗಳ ವಿಚಾರ. ಕನ್ನಡದ ‘ತಿದ್ದು’ ಎಂಬ ಧಾತುವಿಗೆ ತಪ್ಪನ್ನು ಸರಿಪಡಿಸುವುದು ಎಂಬ ಅರ್ಥವೊಂದೇ ಇಲ್ಲ. ಮಗು ಬರೆದ ಅಕ್ಷರದ ಮೇಲೆಯೇ ಮತ್ತೆ ಮತ್ತೆ ಕೈಯಾಡಿಸಿ ಬರಹ ಕಲಿಯುವುದೂ ತಿದ್ದುವುದೇ. ತೆಲುಗಿನ ‘ದಿದ್ದು’ ಧಾತುವಿಗೂ ಇವೆರಡು ಅರ್ಥಗಳಿವೆ. ಗುರಜಾಡ ಅಪ್ಪಾರಾವು 1910ರಲ್ಲಿ ಬರೆದ, ಆಧುನಿಕ ತೆಲುಗು ಸಣ್ಣಕತೆಯ ಆರಂಭವೆಂದು ಸಾಮಾನ್ಯವಾಗಿ ಗುರುತಿಸಲಾಗುವ ಕತೆಯ ಹೆಸರು ‘ದಿದ್ದುಬಾಟು’. ಅಲ್ಲಿ ಹೆಂಡತಿ ಗಂಡನನ್ನು ತಿದ್ದುತ್ತಾಳೆ. ಎರಡೂ ಭಾಷೆಗಳಲ್ಲಿ ತಿದ್ದುವಿಕೆಗೆ ಸೌಂದರ್ಯದ, ಶಿಕ್ಷಣದ, ನೀತಿಯ ಮೂರು ನೆಲೆಗಳಿವೆ. ‘ಕಲರ್ ಕರೆಕ್ಷನ್’ ಎಂಬ ತಾಂತ್ರಿಕ ಪದವು ಇವುಗಳಲ್ಲಿ ಒಂದನ್ನೂ ಒಪ್ಪಿಕೊಳ್ಳದೆ ತನ್ನನ್ನು ಕೇವಲ ಮಾಪನವೆಂದು ಹೇಳಿಕೊಳ್ಳುತ್ತದೆ. ಕಲಿಯುವವರು ಈ ಮಾತನ್ನು ಸುಲಭವಾಗಿ ನಂಬುತ್ತಾರೆ, ನಾನೂ ನಂಬಿದ್ದೆ.

ಬಣ್ಣದ ಹೆಸರುಗಳೂ ಗಡಿಯಲ್ಲಿ ಸ್ಥಿರವಾಗಿಲ್ಲ. ಕನ್ನಡದಲ್ಲಿ ‘ಪಚ್ಚೆ’ ಎಂದರೆ ಹಸಿರು. ತೆಲುಗಿನಲ್ಲಿ ‘ಪಚ್ಚ’ ಹಳದಿಯನ್ನು ಸೂಚಿಸುತ್ತದೆ. ಹಸಿರನ್ನು ಹೇಳಬೇಕಾದಾಗ ‘ಆಕುಪಚ್ಚ’, ಅಂದರೆ ಎಲೆಯ ಪಚ್ಚ, ಎನ್ನುತ್ತಾರೆ. ನಮ್ಮ ‘ಹಸಿ’, ‘ಹಸಿರು’ಗಳೂ ತೆಲುಗಿನಲ್ಲಿ ಅರಿಸಿನದ ಹೆಸರಾದ ‘ಪಸುಪು’ ಕೂಡ ಒಂದೇ ದ್ರಾವಿಡ ಮೂಲದಿಂದ ಬಂದವು. ಉರುಕುಂದದ ಅಂಗಡಿಯ ಮುಂದೆ ನಿಂತು ‘ಪಚ್ಚ ಬಳೆ’ ಎಂದು ಕೇಳಿದವರಿಗೆ ಯಾವ ಬಳೆ ಕೊಡಬೇಕೆಂದು ತಿಳಿಯಲು ಅಂಗಡಿಯವನು ಬಣ್ಣವನ್ನಲ್ಲ, ಕೇಳಿದವರ ಮಾತಿನ ಉಳಿದ ಭಾಗವನ್ನು ಗಮನಿಸಬೇಕು. ಸಂದರ್ಭವಿಲ್ಲದೆ ಬಣ್ಣದ ಪದಕ್ಕೆ ಅರ್ಥವಿಲ್ಲ ಎಂಬುದನ್ನು ಭಾಷಾಭ್ಯಾಸಿಗಳಾದ ನಾವು ಒಪ್ಪುತ್ತೇವೆ. ಚಿತ್ರದ ಬಣ್ಣಕ್ಕೂ ಇದು ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಮರೆಯುತ್ತೇವೆ.

3

ಕ್ಯಾಮೆರಾದ ಸ್ವಯಂಚಾಲಿತ ವೈಟ್ ಬ್ಯಾಲೆನ್ಸಿನ ಹಿಂದಿರುವ ಹಳೆಯ ಸಿದ್ಧಾಂತಗಳಲ್ಲಿ ಒಂದಕ್ಕೆ ‘ಗ್ರೇ ವರ್ಲ್ಡ್’, ಬೂದು ಜಗತ್ತು, ಎಂದು ಹೆಸರು. 1980ರಲ್ಲಿ ಬುಕ್ಸ್‌ಬಾಮ್ ಇದಕ್ಕೆ ಗಣಿತದ ರೂಪ ಕೊಟ್ಟರು. ಒಂದು ದೃಶ್ಯದಲ್ಲಿರುವ ಎಲ್ಲ ಬಣ್ಣಗಳ ಸರಾಸರಿ ಬೂದು ಆಗಿರುತ್ತದೆ ಎಂಬುದು ಅದರ ಊಹೆ. ಸರಾಸರಿಯು ಹಳದಿಯ ಕಡೆಗೆ ವಾಲಿದ್ದರೆ ಆ ಹಳದಿ ವಸ್ತುಗಳದ್ದಲ್ಲ, ಬೆಳಕಿನದು ಎಂದು ಯಂತ್ರ ತೀರ್ಮಾನಿಸಿ ಅಷ್ಟು ನೀಲಿಯನ್ನು ಬೆರೆಸುತ್ತದೆ. ಇಂದಿನ ಕ್ಯಾಮೆರಾಗಳ ವಿಧಾನಗಳು ಇದಕ್ಕಿಂತ ಸಂಕೀರ್ಣವಾಗಿವೆ. ಅಪಾರ ಚಿತ್ರರಾಶಿಯಿಂದ ಕಲಿತ ಮಾದರಿಗಳೂ ಬಳಕೆಯಲ್ಲಿವೆ. ಆದರೂ ‘ಸಾಮಾನ್ಯ ದೃಶ್ಯ’ ಹೇಗಿರುತ್ತದೆ ಎಂಬ ಪೂರ್ವಗ್ರಹಿಕೆ ಅವುಗಳಿಗೂ ಬೇಕು.

ಶ್ರಾವಣದ ಉರುಕುಂದ ಆ ಅರ್ಥದಲ್ಲಿ ಸಾಮಾನ್ಯ ದೃಶ್ಯವಲ್ಲ. ಅರಿಸಿನ, ಚೆಂಡುಹೂ, ಕಾವಿ ಬಟ್ಟೆ, ಕುಂಕುಮಗಳು ತುಂಬಿದ ಚೌಕಟ್ಟಿನ ಸರಾಸರಿ ಬೂದು ಆಗಲಾರದು. ನನ್ನ ಮೊದಲ ವರ್ಷದ ಚಿತ್ರಗಳಲ್ಲಿ ಅರಿಸಿನ ಮಂಕಾಗಿತ್ತು, ಎರೆಮಣ್ಣು ನೀಲಿಗೆ ತಿರುಗಿತ್ತು, ಜನರ ಮುಖದಲ್ಲಿ ಕಾಯಿಲೆಯಿಂದ ಎದ್ದವರ ಬಿಳಿಚು ಕಾಣುತ್ತಿತ್ತು. ಬಹುಸಂಖ್ಯೆಯ ದೃಶ್ಯಗಳಿಂದ ಕಟ್ಟಿದ ಸರಾಸರಿಯನ್ನು ಒಂದು ನಿರ್ದಿಷ್ಟ ಊರಿನ ಮೇಲೆ ಹೇರಿದಾಗ ಆ ಊರಿನ ವೈಶಿಷ್ಟ್ಯವೇ ದೋಷವಾಗಿ ಕಾಣುತ್ತದೆ. ಭಾಷಾ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡುವವರಿಗೆ ಈ ತರ್ಕ ಅಪರಿಚಿತವಲ್ಲ.

ಸ್ವಯಂಚಾಲನೆಯನ್ನು ಬಿಟ್ಟು ಕೈಯಿಂದಲೇ ತಿದ್ದಲು ಕಲಿತಾಗ ಕೈಪಿಡಿಗಳು ಕೊಟ್ಟ ಮೊದಲ ಸೂತ್ರ ಹೀಗಿತ್ತು: ಚಿತ್ರದಲ್ಲಿ ತಟಸ್ಥವಾಗಿರಬೇಕಾದ ಒಂದು ವಸ್ತುವನ್ನು ಹುಡುಕು, ಅದರ ಮೇಲೆ ಡ್ರಾಪರ್ ಒತ್ತು, ಉಳಿದದ್ದು ತಾನಾಗಿ ಸರಿಹೋಗುತ್ತದೆ. ಆದೋನಿ ಹತ್ತಿಯ ವ್ಯಾಪಾರಕ್ಕೆ ಹೆಸರಾದ ಊರು. ಉರುಕುಂದದಿಂದ ಹಿಂದಿರುಗುವಾಗ ಅಲ್ಲಿ ತೆಗೆದ ಚಿತ್ರಗಳಲ್ಲಿ ಹತ್ತಿಯ ರಾಶಿಗಳಿದ್ದವು. ಹತ್ತಿಗಿಂತ ಬಿಳಿಯ ವಸ್ತು ಯಾವುದಿದೆ ಎಂದುಕೊಂಡು ರಾಶಿಯ ಮೇಲೆಯೇ ಡ್ರಾಪರ್ ಒತ್ತಿದೆ. ಚಿತ್ರವೆಲ್ಲ ನೀಲಿಗೆ ತಿರುಗಿತು. ಕಾರಣ ಸರಳವಾದದ್ದು: ಹತ್ತಿ ಬಿಳಿಯಲ್ಲ. ಅದರಲ್ಲಿ ಕೆನೆಯಂಥ ಹಳದಿ ಇದ್ದೇ ಇರುತ್ತದೆ. ಮಳೆಗೆ ಸಿಕ್ಕ, ಗಿಡದಲ್ಲಿಯೇ ಬಹಳ ದಿನ ಉಳಿದ ಹತ್ತಿಯ ಬಣ್ಣ ಕುಂದುತ್ತದೆ. ಹತ್ತಿಯ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಅದರ ಬಣ್ಣವನ್ನು ಎರಡು ಅಂಕಿಗಳಲ್ಲಿ ಅಳೆಯುತ್ತಾರೆ: ಅದು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದು ಒಂದು, ಅದರಲ್ಲಿ ಎಷ್ಟು ಹಳದಿ ಇದೆ ಎಂಬುದು ಇನ್ನೊಂದು. ಈ ಮಾಪನಕ್ರಮವನ್ನು ರೂಪಿಸಿದವರಲ್ಲಿ ಅಮೆರಿಕದ ಕೃಷಿ ಇಲಾಖೆಯ ಬಣ್ಣವಿಜ್ಞಾನಿ ಡೊರೊತಿ ನಿಕರ್ಸನ್ ಪ್ರಮುಖರು. ಆಧುನಿಕ ಬಣ್ಣವಿಜ್ಞಾನದ ಒಂದು ಬೇರು ಹತ್ತಿಯ ಮಾರುಕಟ್ಟೆಯಲ್ಲಿಯೇ ಇದೆ. ಬಿಳಿಯ ಬಗೆಗಳನ್ನು ಬೇರ್ಪಡಿಸಿ ಅದಕ್ಕೆ ತಕ್ಕಂತೆ ಬೆಲೆ ಕಟ್ಟುವ ಊರಿನಲ್ಲಿ ನಿಂತು ಬಿಳಿಯೆಂಬುದು ಒಂದೇ ಎಂದು ನಾನು ಭಾವಿಸಿದ್ದೆ.

ಇದಕ್ಕೆ ತಾಂತ್ರಿಕ ಪರಿಹಾರವಿದೆ. 1976ರಿಂದ ಬಳಕೆಯಲ್ಲಿರುವ ‘ಕಲರ್‌ಚೆಕರ್’ ಎಂಬ ಇಪ್ಪತ್ತನಾಲ್ಕು ಮನೆಗಳ ಫಲಕವನ್ನು, ಕನಿಷ್ಠ ಪಕ್ಷ ಒಂದು ಬೂದು ಹಲಗೆಯನ್ನು, ಪ್ರತಿ ಹೊಸ ಬೆಳಕಿನ ಮೊದಲ ಚಿತ್ರದಲ್ಲಿ ಸೇರಿಸಿಕೊಳ್ಳಬೇಕು. ಅದರ ಮನೆಗಳ ಬಣ್ಣ ಮೊದಲೇ ಅಳೆದು ಗೊತ್ತಿರುವುದರಿಂದ ಆ ಕ್ಷಣದ ಬೆಳಕು ಎಷ್ಟು, ಯಾವ ಕಡೆಗೆ ವಾಲಿತ್ತು ಎಂಬುದು ಖಚಿತವಾಗಿ ತಿಳಿಯುತ್ತದೆ. ಎರಡನೆಯ ಶ್ರಾವಣದಿಂದ ನಾನು ಇದನ್ನು ತಪ್ಪದೆ ಪಾಲಿಸಿದೆ. ಆದರೆ ಫಲಕವು ಬೆಳಕು ಹೇಗಿತ್ತೆಂದು ಹೇಳುತ್ತದೆಯೇ ಹೊರತು ಆ ಬೆಳಕನ್ನು ತೆಗೆದುಹಾಕಬೇಕೆಂದು ಹೇಳುವುದಿಲ್ಲ. ಒಂದು ಮಧ್ಯಾಹ್ನ ನೀಲಿ ತಾಡಪಾಲಿನ ಕೆಳಗೆ ಕುಳಿತು ಬುತ್ತಿ ಬಿಚ್ಚಿದ್ದ ಕುಟುಂಬವೊಂದರ ಚಿತ್ರ ತೆಗೆದೆ. ಫಲಕದ ಪ್ರಕಾರ ಸಂಪೂರ್ಣ ತಿದ್ದಿದಾಗ ಅನ್ನ ಬಿಳಿಯಾಯಿತು, ಮುಖಗಳು ಸ್ಟುಡಿಯೋದಲ್ಲಿ ಕುಳಿತವರಂತಾದವು, ತಾಡಪಾಲಿನ ಆಚೆಯ ಬಿಸಿಲು ಬೆಂಕಿಯಂತೆ ಕಿತ್ತಳೆಯಾಯಿತು. ಒಂದೇ ಚೌಕಟ್ಟಿನಲ್ಲಿ ಎರಡು ಬೆಳಕುಗಳಿದ್ದರೆ ಎರಡು ತಟಸ್ಥ ಬಿಂದುಗಳಿರುತ್ತವೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಮಾಸ್ಕ್ ಬಳಸಿ ಎರಡು ಭಾಗಗಳನ್ನು ಬೇರೆಬೇರೆಯಾಗಿ ತಿದ್ದಬಹುದು. ಹಾಗೆ ಮಾಡಿದರೆ ಅಲ್ಲಿ ತಾಡಪಾಲು ಇತ್ತೆಂಬ ಸಂಗತಿಯೇ ಅಳಿಸಿಹೋಗುತ್ತದೆ. ಆ ಜನ ಉಂಡದ್ದು ನೀಲಿ ನೆರಳಿನಲ್ಲಿಯೇ. ಕೊನೆಗೆ ನೆರಳಿನ ನೀಲಿಯನ್ನು ಅರ್ಧಕ್ಕೆ ಇಳಿಸಿ ನಿಲ್ಲಿಸಿದೆ. ಆ ‘ಅರ್ಧ’ವನ್ನು ಯಾವ ಉಪಕರಣವೂ ನನಗೆ ಕೊಡಲಿಲ್ಲ. ಅದು ನನ್ನ ವ್ಯಾಖ್ಯಾನ.

4

ಮೈಬಣ್ಣದ ವಿಷಯದಲ್ಲಿ ವ್ಯಾಖ್ಯಾನದ ಹೊಣೆ ಇನ್ನೂ ಹೆಚ್ಚು. ಕೊಡಕ್ ಕಂಪನಿ ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ ‘ಷರ್ಲಿ ಕಾರ್ಡ್’ಗಳ ಇತಿಹಾಸ ಈಗ ಸುಪರಿಚಿತ. ಬಿಳಿಯ ಹೆಣ್ಣೊಬ್ಬಳ ಚಿತ್ರಕ್ಕೆ ಹೊಂದಿಸಿ ದಶಕಗಳ ಕಾಲ ಬಣ್ಣದ ಮುದ್ರಣವನ್ನು ಸರಿಪಡಿಸಲಾಗುತ್ತಿತ್ತು. ಲೋರ್ನಾ ರಾತ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಾಖಲಾಗಿರುವಂತೆ, ಫಿಲ್ಮು ಕಂದು ಛಾಯೆಗಳನ್ನು ಸರಿಯಾಗಿ ಹಿಡಿಯುವುದಿಲ್ಲ ಎಂಬ ದೂರಿಗೆ ಕಂಪನಿ ಕಿವಿಗೊಟ್ಟದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರು ಗೊಣಗಿದಾಗ. ಈಚೆಗೆ ಪರಿಸ್ಥಿತಿ ಬದಲಾಗುತ್ತಿದೆ. ಸಮಾಜಶಾಸ್ತ್ರಜ್ಞ ಎಲಿಸ್ ಮಂಕ್ ರೂಪಿಸಿದ ಹತ್ತು ಮೈಬಣ್ಣಗಳ ಶ್ರೇಣಿಯನ್ನು ಗೂಗಲ್ 2022ರಲ್ಲಿ ಸ್ವೀಕರಿಸಿತು. ಸ್ವಾಗತಾರ್ಹವೇ, ಆದರೆ ಹತ್ತು ಮೆಟ್ಟಿಲುಗಳ ಏಣಿಯೂ ತಿಳಿಯಿಂದ ಕಪ್ಪಿಗೆ ಇಳಿಯುವ ಒಂದೇ ಏಣಿ.

ಕನ್ನಡದ ಮೈಬಣ್ಣದ ಪದಗಳನ್ನು ನೆನೆಯೋಣ: ಎಣ್ಣೆಗೆಂಪು, ಎಣ್ಣೆಗಪ್ಪು, ಸಾದಗಪ್ಪು, ಗೋಧಿಬಣ್ಣ. ತೆಲುಗಿನ ‘ಚಾಮನಛಾಯ’ ನಮ್ಮ ಎಣ್ಣೆಗೆಂಪಿಗೆ ಹತ್ತಿರವೆಂದು ನಿಘಂಟು ಹೇಳಬಹುದು, ಆದರೆ ಎರಡೂ ಒಂದೇ ಅಲ್ಲ. ಚಾಮನಛಾಯವು ಕಪ್ಪು ಬಿಳುಪುಗಳ ನಡುವಿನ ಒಂದು ಸ್ಥಾನವನ್ನು ಹೇಳುತ್ತದೆ. ಎಣ್ಣೆಗೆಂಪಿನಲ್ಲಿ ವರ್ಣದ ಜೊತೆಗೆ ಹೊಳಪೂ ಸೇರಿದೆ. ಬೆಳಕು ಚರ್ಮದ ಮೇಲೆ ಹೇಗೆ ಜಾರುತ್ತದೆ ಎಂಬುದೂ ಆ ಪದದೊಳಗಿದೆ. ಡಿಜಿಟಲ್ ತಿದ್ದುವಿಕೆಯ ಭಾಷೆಯಲ್ಲಿ ಹೊಳಪು ‘ಹೈಲೈಟ್’ ಎಂಬ ಬೇರೆಯೇ ಕೋಣೆಗೆ ಸೇರಿದ್ದು, ಅದನ್ನು ತಗ್ಗಿಸುವುದು ಭಾವಚಿತ್ರದ ಮೊದಲ ಪಾಠ. ಎಣ್ಣೆಗೆಂಪಿನ ಮುಖದಿಂದ ಹೊಳಪನ್ನು ತೆಗೆದರೆ ಉಳಿಯುವ ಕಂದು ಬಣ್ಣಕ್ಕೆ ನಮ್ಮಲ್ಲಿ ಪ್ರೀತಿಯ ಹೆಸರಿಲ್ಲ.

ನನ್ನ ತಪ್ಪು ನಡೆದದ್ದು ಇಲ್ಲಿಯೇ. ಚರ್ಮದ ಬಣ್ಣ ಮುಖ್ಯವಾಗಿ ರಕ್ತ ಮತ್ತು ಮೆಲನಿನ್‌ಗಳಿಂದ ಬರುವುದರಿಂದ ಎಲ್ಲ ಜನರ ಮೈಬಣ್ಣವೂ ವೆಕ್ಟರ್‌ಸ್ಕೋಪಿನಲ್ಲಿ ಒಂದೇ ರೇಖೆಯ ಆಸುಪಾಸಿನಲ್ಲಿ ಬೀಳುತ್ತದೆ. ವ್ಯತ್ಯಾಸವಿರುವುದು ಹೆಚ್ಚಾಗಿ ತಿಳಿ–ಗಾಢತೆಯಲ್ಲಿ. ಈ ಸತ್ಯವನ್ನು ಆಧರಿಸಿ ಮುಖದ ಛಾಯೆಗಳನ್ನೆಲ್ಲ ಆ ರೇಖೆಯ ಕಡೆಗೆ ಎಳೆಯುವ ಸೌಲಭ್ಯ ತಂತ್ರಾಂಶಗಳಲ್ಲಿದೆ. ಮೊದಲ ವರ್ಷದ ಎಲ್ಲ ಭಾವಚಿತ್ರಗಳಿಗೂ ಅದನ್ನು ಒಂದೇ ಅಳತೆಯಲ್ಲಿ ಅನ್ವಯಿಸಿದೆ. ಮರುವರ್ಷ ಹಾಡು ಹೇಳಿಕೊಟ್ಟಿದ್ದ ಒಬ್ಬ ಅಜ್ಜಿಗೆ ಅವರ ಚಿತ್ರದ ಪ್ರತಿ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, ‘ಚಂದ ಐತಿ. ಆದ್ರ ಇದು ನಾನಲ್ಲ ಬಿಡವ್ವಾ. ನನ್ನ ಹಚ್ಚಿ ಎಲ್ಲಿ ಹೋತು?’ ಎಂದರು. ಹಣೆಯ ಮೇಲೆ, ಗದ್ದದ ಮೇಲೆ, ಮುಂಗೈಯಲ್ಲಿ ಅವರಿಗೆ ಹಚ್ಚೆ ಇತ್ತು. ಗಾಢ ಚರ್ಮದ ಮೇಲೆ ವಯಸ್ಸಿನಿಂದ ಮಾಸಿದ ಹಸಿರುನೀಲಿಯ ಗೆರೆ ಸುತ್ತಲಿನ ಬಣ್ಣದಿಂದ ಬಹಳ ದೂರವಿರುವುದಿಲ್ಲ. ಛಾಯೆಗಳನ್ನು ಏಕರೂಪಗೊಳಿಸುವ ಗುಂಡಿ ಅದನ್ನು ಚರ್ಮದ ದೋಷವೆಂದು ತಿಳಿದು ರೇಖೆಯ ಕಡೆಗೆ ಎಳೆದುಬಿಟ್ಟಿತ್ತು. ‘ಹಚ್ಚೆ’ ಎಂಬ ಪದವೇ ಪಚ್ಚೆಯಿಂದ ಬಂದದ್ದು. ತೆಲುಗಿನಲ್ಲಿ ಅದು ‘ಪಚ್ಚಬೊಟ್ಟು’. ಹೆಸರಿನಲ್ಲಿಯೇ ಇದ್ದ ಹಸಿರನ್ನು ನಾನು ಅಳಿಸಿದ್ದೆ, ಅದೂ ಭಾಷೆಯ ದಾಖಲೆಗೆಂದು ತೆಗೆದ ಚಿತ್ರದಲ್ಲಿ.

ಹಾಳುಮಾಡಿದ ವಿದ್ಯೆಯೇ ಅದನ್ನು ಮರಳಿ ತರುವ ದಾರಿಯನ್ನೂ ತೋರಿಸಿತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 1976ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಲ್ಯಾಬ್ ವರ್ಣವ್ಯವಸ್ಥೆಯಲ್ಲಿ ಬೆಳಕು ಒಂದು ಅಕ್ಷದಲ್ಲಿ, ಹಸಿರು–ಮೆಜೆಂಟಾ ಇನ್ನೊಂದರಲ್ಲಿ, ನೀಲಿ–ಹಳದಿ ಮೂರನೆಯದರಲ್ಲಿ ಇರುತ್ತವೆ. ಡ್ಯಾನ್ ಮಾರ್ಗುಲಿಸ್ 2005ರಲ್ಲಿ ಇದಕ್ಕಾಗಿಯೇ ಒಂದು ಪುಸ್ತಕ ಬರೆದರು. ಬೆಳಕಿನ ಅಕ್ಷವನ್ನು ಮುಟ್ಟದೆ ಬಣ್ಣದ ಎರಡು ಅಕ್ಷಗಳ ವಕ್ರರೇಖೆಯನ್ನು ಕಡಿದಾಗಿಸಿದರೆ ಪರಸ್ಪರ ಹತ್ತಿರವಿರುವ ಛಾಯೆಗಳು ದೂರ ಸರಿದು ಬೇರೆಬೇರೆಯಾಗಿ ಕಾಣುತ್ತವೆ ಎಂಬುದು ಅದರ ಮುಖ್ಯ ತಂತ್ರ. ಅಜ್ಜಿಯ ಹೊಸ ಚಿತ್ರದಲ್ಲಿ ಹಸಿರು–ಮೆಜೆಂಟಾ ಅಕ್ಷವನ್ನು ತುಸುವೇ ಕಡಿದಾಗಿಸಿದಾಗ ಹಚ್ಚೆಯ ಚುಕ್ಕಿಗಳು ಒಂದೊಂದಾಗಿ ಎಣಿಸಲು ಬರುವಂತಾದವು. ಒಂದು ಗುಂಡಿ ವ್ಯತ್ಯಾಸಗಳನ್ನು ಒಂದುಗೂಡಿಸುತ್ತದೆ, ಇನ್ನೊಂದು ಬಿಡಿಸುತ್ತದೆ. ಯಾವುದನ್ನು ಯಾವಾಗ ಒತ್ತಬೇಕೆಂದು ನಿರ್ಧರಿಸಲು ಚಿತ್ರದಲ್ಲಿ ಏನಿದೆ ಎಂಬ ತಿಳಿವಳಿಕೆ ಬೇಕು. ಆ ತಿಳಿವಳಿಕೆ ಬಣ್ಣಶಾಸ್ತ್ರದ ಹೊರಗಿನದು.

5

ಕೈಬರಹದ ಪ್ರತಿಗಳ ಜೊತೆ ಕೆಲಸ ಮಾಡಿದವರಿಗೆ ಈ ಸ್ಥಿತಿ ಪರಿಚಿತವೇ. ಲಿಪಿಕಾರನು ತನಗೆ ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದವಾಗಿ ತಿದ್ದುತ್ತಾನೆ. ಆದ್ದರಿಂದ ಎರಡು ಪಾಠಗಳಲ್ಲಿ ಹೆಚ್ಚು ಕ್ಲಿಷ್ಟವಾದುದೇ ಮೂಲವಾಗಿರುವ ಸಂಭವ ಹೆಚ್ಚು. ಸ್ವಯಂಚಾಲಿತ ತಿದ್ದುವಿಕೆ ಅಂಥ ಒಬ್ಬ ಲಿಪಿಕಾರ. ಅಪರಿಚಿತವಾದ ಹಳದಿಯನ್ನು, ಹಸಿರುನೀಲಿಯನ್ನು ಅದು ಪರಿಚಿತ ಬೂದುವಾಗಿ, ಪರಿಚಿತ ಚರ್ಮವಾಗಿ ಓದುತ್ತದೆ. ಡಿ. ಎಲ್. ನರಸಿಂಹಾಚಾರ್ ಅವರ ಕಾಲದಿಂದ ಕನ್ನಡದ ಗ್ರಂಥಸಂಪಾದನೆ ರೂಢಿಸಿಕೊಂಡಿರುವ ಶಿಸ್ತು ಏನೆಂದರೆ, ಸಂಪಾದಕನು ತಿದ್ದಬಹುದು, ಆದರೆ ತಿದ್ದಿದ್ದನ್ನು ಮುಚ್ಚಿಡಬಾರದು. ಪಾಠಾಂತರ ಅಡಿಟಿಪ್ಪಣಿಯಲ್ಲಿ ಉಳಿಯಬೇಕು. ಈ ಶಿಸ್ತನ್ನು ಓಲೆಗರಿಗೆ ಕೊಟ್ಟ ನಾವು ಛಾಯಾಚಿತ್ರಕ್ಕೆ ಕೊಟ್ಟಿಲ್ಲ.

ತಿದ್ದುವಿಕೆಯ ಪ್ರಮಾಣವೇ ಇಲ್ಲಿ ಸಮಸ್ಯೆ ಎಂದು ನನಗನ್ನಿಸುವುದಿಲ್ಲ. ಜಾನ್ ಹಾರ್ಮನ್ ರೂಪಿಸಿದ ‘ಡಿಸ್ಟ್ರೆಚ್’ ಎಂಬ ಉಪಕರಣವನ್ನು ಶಿಲಾಚಿತ್ರಗಳ ಸಂಶೋಧಕರು ವ್ಯಾಪಕವಾಗಿ ಬಳಸುತ್ತಾರೆ. ಅದು ಕಣ್ಣಿಗೆ ಕಾಣದಷ್ಟು ಮಾಸಿದ ಕಾವಿಯನ್ನು ಉಜ್ವಲ ಕೆಂಪಾಗಿ, ಬಂಡೆಯನ್ನು ಹಸಿರೋ ನೇರಳೆಯೋ ಆಗಿ ತೋರಿಸುತ್ತದೆ. ಆ ಬಣ್ಣಗಳು ನಿಜವಲ್ಲ ಎಂಬುದು ನೋಡಿದ ಕೂಡಲೇ ತಿಳಿಯುವುದರಿಂದ ಯಾರೂ ಮೋಸಹೋಗುವುದಿಲ್ಲ. ಸಿನಿಮಾದಲ್ಲಿಯೂ ಹಾಗೆಯೇ. 1965ರ ‘ಸತ್ಯ ಹರಿಶ್ಚಂದ್ರ’ ಕನ್ನಡ ಚಿತ್ರಕ್ಕೆ 2008ರಲ್ಲಿ, 1957ರ ತೆಲುಗು ‘ಮಾಯಾಬಜಾರ್’ಗೆ 2010ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದಾಗ ಅದು ಆಮೇಲೆ ಸೇರಿಸಿದ ಬಣ್ಣವೆಂದು ಎಲ್ಲರಿಗೂ ತಿಳಿದಿತ್ತು, ಮೆಚ್ಚಿದವರೂ ಮೆಚ್ಚದವರೂ ಅದನ್ನು ಚರ್ಚಿಸಬಹುದಿತ್ತು. ಚರ್ಚೆಗೆ ಅವಕಾಶವನ್ನೇ ಕೊಡದಿರುವುದು ಸಹಜವೆಂಬಂತೆ ಕಾಣುವ ಸಣ್ಣ ತಿದ್ದುವಿಕೆ. ಅಜ್ಜಿಯ ಮೊದಲ ಚಿತ್ರವನ್ನು ಅವರನ್ನು ಕಾಣದವರಾರೂ ಅನುಮಾನಿಸುತ್ತಿರಲಿಲ್ಲ.

ಆದ್ದರಿಂದ ನಮ್ಮಂಥ ಸಂಗ್ರಹಗಳಿಗೆ ಕೆಲವು ನಿಯಮಗಳನ್ನು ಸೂಚಿಸಬಯಸುತ್ತೇನೆ. ಕ್ಯಾಮೆರಾದ ‘ರಾ’ ಕಡತವನ್ನು ಮೂಲಪ್ರತಿಯೆಂದು ಭಾವಿಸಿ ಎಂದಿಗೂ ಅಳಿಸಬಾರದು. ದೀರ್ಘಕಾಲದ ಉಳಿವಿಗೆ ಡಿಎನ್‌ಜಿಯಂಥ ಮುಕ್ತ ವಿವರಣೆಯುಳ್ಳ ರೂಪ ಉತ್ತಮ. ಪ್ರತಿ ಬೆಳಕಿಗೂ ಒಂದು ಚಿತ್ರದಲ್ಲಿ ಬಣ್ಣದ ಫಲಕವಿರಬೇಕು. ಎರಡು ಪ್ರತಿಗಳನ್ನು ಸಿದ್ಧಪಡಿಸಬೇಕು: ಫಲಕಕ್ಕೆ ಹೊಂದಿಸಿದ್ದು ಒಂದು, ಛಾಯಾಗ್ರಾಹಕರು ತಮ್ಮ ನೆನಪು ವಿವೇಕಗಳಿಂದ ತಿದ್ದಿದ್ದು ಇನ್ನೊಂದು, ಎರಡರ ನಡುವಿನ ವ್ಯತ್ಯಾಸವನ್ನು ಒಂದೆರಡು ವಾಕ್ಯಗಳಲ್ಲಿ ಬರೆದಿಡಬೇಕು. ಮುಖ್ಯವಾಗಿ, ಚಿತ್ರದಲ್ಲಿರುವವರು ಬದುಕಿದ್ದು ಸಿಗುವಂತಿದ್ದರೆ ಅವರಿಗೆ ಮುದ್ರಿತ ಪ್ರತಿಯನ್ನು ತೋರಿಸಿ, ಅವರು ಬಣ್ಣದ ಬಗ್ಗೆ ಆಡಿದ ಮಾತನ್ನು ಅವರದೇ ನುಡಿಯಲ್ಲಿ ಟಿಪ್ಪಣಿಗೆ ಸೇರಿಸಬೇಕು. ಹಾಡಿಗೆ ನಾವು ಅರ್ಥ ಕೇಳುತ್ತೇವೆ. ಚಿತ್ರಕ್ಕೂ ಕೇಳಬೇಕು.

ನನ್ನ ಮೊದಲ ವರ್ಷದ ಚಿತ್ರಗಳಿಗೆ ಈ ನಿಯಮಗಳು ತಡವಾಗಿ ಬಂದವು. ಡಿಸ್ಕಿನಲ್ಲಿ ಜಾಗ ಸಾಲದೆಂದು ಆ ವರ್ಷದ ರಾ ಕಡತಗಳನ್ನು ನಾನೇ ಅಳಿಸಿದ್ದೆ. ತಿದ್ದಿದ ಜೆಪೆಗ್‌ಗಳು ಮಾತ್ರ ಉಳಿದಿವೆ. ಅವುಗಳಿಂದ ಹಚ್ಚೆಯ ಹಸಿರನ್ನು ಮರಳಿ ತರಲು ಯಾವ ತಂತ್ರಕ್ಕೂ ಸಾಧ್ಯವಾಗಲಿಲ್ಲ. ಆ ಅಜ್ಜಿ ಮರುವರ್ಷ ಸಿಕ್ಕರು, ಅವರ ಚಿತ್ರವನ್ನು ಮತ್ತೆ ತೆಗೆಯಲು ಸಾಧ್ಯವಾಯಿತು. ಆ ವರ್ಷದ ಚಿತ್ರಗಳಲ್ಲಿರುವ ಉಳಿದವರಲ್ಲಿ ಹಲವರು ಮತ್ತೆ ಸಿಗಲಿಲ್ಲ. ಆ ಕಡತಗಳನ್ನು ಸಂಗ್ರಹದಿಂದ ತೆಗೆಯಲಿಲ್ಲ. ಪ್ರತಿಯೊಂದರ ವಿವರಪಟ್ಟಿಯಲ್ಲಿ ‘ಮೈಬಣ್ಣ ತಿದ್ದಲಾಗಿದೆ, ಮೂಲ ಉಳಿದಿಲ್ಲ, ಹಚ್ಚೆ ಇದ್ದಿರಬಹುದು’ ಎಂದು ಬರೆದಿದ್ದೇನೆ.